ನೆರಳಿಗೆ ಲೆಕ್ಕ ಒಪ್ಪಿಸಿದವರು: ಚಿಂತಾಮಣಿ ರಘುನಾಥಾಚಾರ್ಯರು

ನಮ್ಮ ಹಿರಿಯರು ಹೊತ್ತನ್ನು ಗೋಡೆಯ ಮೇಲೆ ನೋಡುತ್ತಿರಲಿಲ್ಲ, ಅಂಗಳದಲ್ಲಿ ನೋಡುತ್ತಿದ್ದರು. ಹೊತ್ತು ಮಾರುದ್ದ ಏರಿತು ಅಂದರೆ ಹೊಲದ ಕೆಲಸ ಶುರುವಾಗಿರಬೇಕು. ಹೊತ್ತು ನೆತ್ತಿಗೆ ಬಂತು ಅಂದರೆ ಬುತ್ತಿ ಬಿಚ್ಚುವ ವೇಳೆ. ನೆರಳು ಉದ್ದವಾಯಿತು ಅಂದರೆ ದನ ಮನೆಗೆ ತಿರುಗುವ ವೇಳೆ. ಹಗಲಿರುಳು ಸೇರಿ ಅರವತ್ತು ಗಳಿಗೆ, ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ಜಾವ ಎಂಟು, ಜಾವಕ್ಕೆ ಮೂರು ಗಂಟೆ. ಮೋಡ ಕವಿದ ದಿನಕ್ಕೂ ರಾತ್ರಿಗೂ ತಳದಲ್ಲಿ ಸಣ್ಣ ತೂತಿದ್ದ ಗಳಿಗೆ ಬಟ್ಟಲು ನೀರಿನಲ್ಲಿ ತೇಲುತ್ತಿತ್ತು. ಆದರೆ ಆ ಬಟ್ಟಲು ಸರಿಯೋ ತಪ್ಪೋ ಅಂತ ಹೇಳುವ ಯಜಮಾನ ಮತ್ತೆ ಸೂರ್ಯನೇ.

ಸೂರ್ಯನನ್ನು ಕೇಳುವುದಕ್ಕೆ ನಮ್ಮ ಶಾಸ್ತ್ರಕಾರರು ಹೇಳಿದ ಉಪಕರಣ ಬಹಳ ಸರಳ: ಶಂಕು. ಹನ್ನೆರಡು ಅಂಗುಲದ ಒಂದು ನೆಟ್ಟನೆಯ ಗೂಟ, ಸುತ್ತ ಒಂದು ವೃತ್ತ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಕ್ಕೆ ಬರುವ ಜಾಗಕ್ಕೊಂದು ಗುರುತು, ಮಧ್ಯಾಹ್ನದ ಮೇಲೆ ಹೊರಕ್ಕೆ ಹೋಗುವ ಜಾಗಕ್ಕೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ ರೇಖೆ ಸಿಕ್ಕಿತು. ನೆರಳು ಅತ್ಯಂತ ಗಿಡ್ಡವಾದಾಗ ನಡುಹಗಲು. ವಿಷುವದ ದಿನ, ಅಂದರೆ ಹಗಲೂ ಇರುಳೂ ಸಮವಾಗುವ ದಿನ, ನಡುಹಗಲಿನ ನೆರಳಿನ ಉದ್ದಕ್ಕೆ ಪಲಭಾ ಎಂದು ಹೆಸರು. ನಮ್ಮ ಮಾಧವರಂನಲ್ಲಿ ಇದನ್ನು ಅಳೆದರೆ ಸುಮಾರು ೨¾ ಅಂಗುಲ ಬರುತ್ತದೆ. ಬೆಂಗಳೂರಿನಲ್ಲೂ ಹೆಚ್ಚುಕಮ್ಮಿ ಅಷ್ಟೇ, ಯಾಕೆಂದರೆ ಎರಡೂ ಊರುಗಳ ಅಕ್ಷಾಂಶ ೧೩ ಡಿಗ್ರಿಯ ಆಸುಪಾಸಿನದು. ಡಿಸೆಂಬರ್ ೨೧-೨೨ರಂದು ಅದೇ ನೆರಳು ಒಂಬತ್ತು ಅಂಗುಲದ ಹತ್ತಿರಕ್ಕೆ ಬೆಳೆಯುತ್ತದೆ. ಏಪ್ರಿಲ್ ೨೪ರ ಸುಮಾರಿಗೆ ಒಮ್ಮೆ, ಆಗಸ್ಟ್ ೧೮ರ ಸುಮಾರಿಗೆ ಇನ್ನೊಮ್ಮೆ, ನಡುಹಗಲಿನಲ್ಲಿ ನೆರಳೇ ಇರುವುದಿಲ್ಲ. ಹದಿನೆಂಟನೇ ಶತಮಾನದಲ್ಲಿ ಸವಾಯಿ ಜಯಸಿಂಹನು ಜಯಪುರದಲ್ಲಿ ಕಟ್ಟಿಸಿದ ಸಮ್ರಾಟ್ ಯಂತ್ರವೂ ನೆರಳಿನ ಗಡಿಯಾರವೇ; ಅಲ್ಲಿನ ಗೂಟ ಮಾತ್ರ ೨೭ ಮೀಟರ್ ಎತ್ತರದ ಓರೆ ಗೋಡೆ, ಅದರ ನೆರಳಿನಲ್ಲಿ ಎರಡು ಸೆಕೆಂಡಿನ ಅಂತರವನ್ನೂ ಓದಬಹುದು.

ಇಷ್ಟು ಒಳ್ಳೆಯ ಸಾಕ್ಷಿ ಅಂಗಳದಲ್ಲೇ ನಿಂತಿರುವಾಗ ಪಂಚಾಂಗದ ಲೆಕ್ಕ ಆಕಾಶವನ್ನು ಬಿಟ್ಟು ಎಲ್ಲಿಗೋ ಹೋಯಿತು ಅಂದರೆ ಆಶ್ಚರ್ಯವಲ್ಲವೆ? ಆದರೆ ಹೋಯಿತು. ಅದನ್ನು ಮತ್ತೆ ಆಕಾಶದ ಕೆಳಗೆ ತಂದು ನಿಲ್ಲಿಸಲು ಹೆಣಗಿದವರಲ್ಲಿ ಮದರಾಸಿನ ಚಿಂತಾಮಣಿ ರಘುನಾಥಾಚಾರ್ಯರು ಮುಖ್ಯರು. ಇಂಗ್ಲಿಷ್ ದಾಖಲೆಗಳಲ್ಲಿ ಅವರ ಹೆಸರು ರಘುನಾಥ ಚಾರಿ. ತಾರೆಗಳ ಚರಿತ್ರೆ ಬರೆಯುವವರಿಗೆಲ್ಲ ಗೊತ್ತಿರುವ ಈ ಹೆಸರು ಕನ್ನಡ ವಿದ್ಯಾರ್ಥಿಗಳಾದ ನಮಗೂ ಗೊತ್ತಿರಬೇಕು. ಕಾರಣ ಮುಂದೆ ಬರುತ್ತದೆ.

ಆಚಾರ್ಯರು ಹುಟ್ಟಿದ್ದು ೧೮೨೦ರ ದಶಕದಲ್ಲಿ, ಪಂಚಾಂಗ ಬರೆಯುವವರ ಮನೆತನದಲ್ಲಿ. ಅಂಥ ಮನೆಗಳಲ್ಲಿ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳ ಲೆಕ್ಕ ಮಕ್ಕಳಿಗೆ ಮಗ್ಗಿಯ ಜೊತೆಗೇ ಬರುತ್ತಿತ್ತು. ೧೮೪೦ರ ದಶಕದಲ್ಲಿ, ಇನ್ನೂ ಎಳೆಯ ಪ್ರಾಯದಲ್ಲೇ, ಅವರು ಮದರಾಸು ವೀಕ್ಷಣಾಲಯದ ನೌಕರಿಗೆ ಸೇರಿದರು. ಆ ಮೇಲೆ ಸಾಯುವವರೆಗೂ ಅದೇ ಅವರ ಮನೆ, ಅದೇ ಅವರ ಪಾಠಶಾಲೆ.

ಆ ವೀಕ್ಷಣಾಲಯದ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ೧೭೮೬ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ ಎಗ್ಮೋರಿನ ತನ್ನ ಸ್ವಂತ ಸ್ಥಳದಲ್ಲಿ ಇದನ್ನು ಆರಂಭಿಸಿದ. ೧೭೯೨ರಲ್ಲಿ ಮೈಕೇಲ್ ಟಾಪಿಂಗನ ಕೈಯಲ್ಲಿ ನುಂಗಂಬಾಕ್ಕಂನ ಕಟ್ಟಡ ಮೇಲೆದ್ದಿತು. ಉಪಕರಣ ಅಲುಗದೆ ನಿಲ್ಲಲೆಂದು ಅಲ್ಲಿ ಹದಿನೈದು ಅಡಿ ಎತ್ತರದ, ಹತ್ತು ಟನ್ ತೂಕದ ಒಂದು ಕಲ್ಲುಕಂಬ ನಿಲ್ಲಿಸಿದರು. ಅದರ ಮೇಲೆ ಲ್ಯಾಟಿನ್ ಜೊತೆಗೆ ತಮಿಳು, ತೆಲುಗು ಬರಹಗಳೂ ಇವೆ. ಮಾಧವರಂನಿಂದ ನುಂಗಂಬಾಕ್ಕಂ ಏನೂ ಪರಸ್ಥಳವಲ್ಲ. ಈಗ ಹವಾಮಾನ ಇಲಾಖೆಯ ಆವರಣವಾಗಿರುವ ಆ ಜಾಗದಲ್ಲಿ ಕಂಬ ಉಳಿದುಕೊಂಡಿದೆ. ನೋಡುವವರಿಗೆ ಅದೂ ಒಂದು ದೊಡ್ಡ ಶಂಕುವಿನಂತೆಯೇ ಕಾಣುತ್ತದೆ.

ವೀಕ್ಷಣಾಲಯದಲ್ಲಿ ನಡೆಯುತ್ತಿದ್ದ ದಿನನಿತ್ಯದ ಕೆಲಸವೂ ತಾತ್ಪರ್ಯದಲ್ಲಿ ಶಂಕುವಿನ ಕೆಲಸವೇ. ಉತ್ತರ-ದಕ್ಷಿಣವಾಗಿ ಮಾತ್ರ ತಿರುಗುವ ಒಂದು ದೂರದರ್ಶಕ. ಅದರ ಕಣ್ಣಿಗೆ ಅಡ್ಡವಾಗಿ ಜೇಡರ ನೂಲಿನಷ್ಟು ತೆಳ್ಳಗಿನ ಎಳೆಗಳು. ಸೂರ್ಯನೋ ನಕ್ಷತ್ರವೋ ನೆತ್ತಿಯ ರೇಖೆಯನ್ನು ದಾಟುವಾಗ ಒಂದೊಂದು ಎಳೆಯನ್ನೂ ಮುಟ್ಟುತ್ತದೆ. ಕಣ್ಣು ಎಳೆಯ ಮೇಲೆ, ಕಿವಿ ಗಡಿಯಾರದ ಟಿಕ್‌ಟಿಕ್ ಮೇಲೆ. ಮುಟ್ಟಿದ ಕ್ಷಣವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಅಂದಾಜು ಕಟ್ಟಿ ಬರೆದುಕೊಳ್ಳಬೇಕು. ಹೀಗೆ ಆಕಾಶ ಕೊಟ್ಟ ವೇಳೆಗೆ ಗಡಿಯಾರವನ್ನು ತಿದ್ದಬೇಕು. ಗಡಿಯಾರಕ್ಕೆ ಆಕಾಶವನ್ನು ತಿದ್ದುವಂತಿಲ್ಲ! ಈ ಒಂದು ಪಾಠ ಆಚಾರ್ಯರ ಎಲುಬಿಗೆ ಇಳಿದಿತ್ತು ಅಂತ ಅವರ ಮುಂದಿನ ಬಾಳನ್ನು ನೋಡಿದರೆ ಅನ್ನಿಸುತ್ತದೆ.

ಆ ಗಡಿಯಾರ ಬರೀ ವಿಜ್ಞಾನಿಗಳ ಆಟಿಕೆಯಾಗಿರಲಿಲ್ಲ. ಮದರಾಸು ಪಟ್ಟಣ ಅದನ್ನು ನಂಬಿ ನಡೆಯುತ್ತಿತ್ತು. ರೈಲು ಬಂದ ಮೇಲೆ ಊರೂರಿಗೊಂದು ವೇಳೆ ಇಟ್ಟುಕೊಂಡರೆ ಬಂಡಿಗಳು ಓಡುವುದು ಹೇಗೆ? ಮುಂಬಯಿಗೂ ಕಲಕತ್ತೆಗೂ ನಡುವೆ ಬೀಳುವ ಮದರಾಸು ವೇಳೆಯನ್ನೇ ೧೮೭೦ರ ದಶಕದಿಂದ ದೇಶದ ರೈಲುಗಳು ಹಿಡಿದವು. ನುಂಗಂಬಾಕ್ಕಂನಲ್ಲಿ ನಕ್ಷತ್ರವನ್ನು ಕಣ್ಣಿಟ್ಟು ಕಾದವರ ನಿದ್ದೆಗೆಟ್ಟ ರಾತ್ರಿಗಳ ಮೇಲೆ ದೂರದ ಸ್ಟೇಷನ್ನಿನ ಗಂಟೆ ಹೊಡೆಯುತ್ತಿತ್ತು. ಹಾಗೆ ಕಾದವರಲ್ಲಿ ನಮ್ಮ ಆಚಾರ್ಯರೂ ಒಬ್ಬರು.

೧೮೬೧ರಲ್ಲಿ ನಾರ್ಮನ್ ರಾಬರ್ಟ್ ಪಾಗ್ಸನ್ ಸರಕಾರಿ ಖಗೋಳಜ್ಞನಾಗಿ ಮದರಾಸಿಗೆ ಬಂದ. ಬಂದ ವರ್ಷವೇ ಒಂದು ಕಿರುಗ್ರಹವನ್ನು ಕಂಡು ಅದಕ್ಕೆ ಏಷ್ಯಾ ಎಂದು ಹೆಸರಿಟ್ಟ. ಮರುವರ್ಷದಿಂದ ಹೊಸ ಉಪಕರಣದಲ್ಲಿ ನಕ್ಷತ್ರಗಳ ಸ್ಥಾನ ಅಳೆಯುವ ಮಹಾಕಾರ್ಯ ಶುರುವಾಯಿತು. ೧೮೮೭ರವರೆಗೆ ನಡೆದ ಈ ಅಳತೆಯಿಂದ ಐದು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಸಿದ್ಧವಾಯಿತು. ಅದರ ಭಾರವನ್ನು ಹೊತ್ತವರಲ್ಲಿ ಆಚಾರ್ಯರು ಮೊದಲಿಗರು. ಪದವಿ ಮಾತ್ರ ಕೊನೆಯವರೆಗೂ ಸಹಾಯಕನದೇ. ಆ ಕಾಲದಲ್ಲಿ ಕರಿಯ ಮೈಯವನಿಗೆ ಖಗೋಳಜ್ಞನ ಕುರ್ಚಿ ಎಲ್ಲಿಂದ ಬರಬೇಕು?

ಕುರ್ಚಿ ಬರಲಿಲ್ಲ, ಹೆಸರು ಬಂತು. ೧೮೬೭ರ ಜನವರಿಯಲ್ಲಿ ದಕ್ಷಿಣದ ರೆಟಿಕ್ಯುಲಂ ಎಂಬ ನಕ್ಷತ್ರಪುಂಜದಲ್ಲಿ ಒಂದು ತಾರೆಯ ಬೆಳಕು ಏರಿಳಿಯುತ್ತಿರುವುದನ್ನು ಆಚಾರ್ಯರು ಹಿಡಿದರು. ಆರ್ ರೆಟಿಕ್ಯುಲಿ ಎಂಬ ಹೆಸರಿನಲ್ಲಿ ಆ ತಾರೆ ಇವತ್ತಿಗೂ ಪಟ್ಟಿಗಳಲ್ಲಿದೆ. ಒಂದು ಸಲ ನೋಡಿದರೆ ಇಂಥದ್ದು ತಿಳಿಯುವುದಿಲ್ಲ. ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಅಂತ ಹೋಲಿಸುವ ತಾಳ್ಮೆ ಬೇಕು.

ಮರುವರ್ಷ, ೧೮೬೮ರ ಆಗಸ್ಟ್ ೧೮ರಂದು, ದಕ್ಷಿಣ ಭಾರತದ ಮೇಲೆ ಖಗ್ರಾಸ ಸೂರ್ಯಗ್ರಹಣದ ನೆರಳು ಹಾದುಹೋಯಿತು. ಗುಂಟೂರಿಗೆ ಫ್ರಾನ್ಸಿನ ಯಾನ್ಸೆನ್ ಬಂದಿದ್ದ. ಆ ಸಲದ ಗ್ರಹಣದಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಕಂಡ ಒಂದು ಹಳದಿ ಗೆರೆಯೇ ಮುಂದೆ ಹೀಲಿಯಂ ಎಂಬ ಮೂಲವಸ್ತುವಿನ ಸುಳಿವಾಯಿತು. ಮದರಾಸಿನಿಂದ ಎರಡು ತಂಡ ಹೊರಟವು. ಮಚಲಿಪಟ್ಟಣದ ತಂಡಕ್ಕೆ ಪಾಗ್ಸನ್ ಮುಖ್ಯಸ್ಥ. ನಿಜಾಮರ ಸೀಮೆಯ ವನಪರ್ತಿಗೆ ಹೋದ ತಂಡಕ್ಕೆ ರಘುನಾಥಾಚಾರ್ಯರು ಮುಖ್ಯಸ್ಥರು. ೧೮೭೧ರ ಡಿಸೆಂಬರ್ ೧೨ರ ಗ್ರಹಣಕ್ಕೆ ಅವರು ಕೊಯಮತ್ತೂರು ಸೀಮೆಯ ಅವಿನಾಶಿಯಲ್ಲಿದ್ದರು. ಅದೇ ದಿನ ಅದೇ ನೆರಳನ್ನು ನಮ್ಮ ಕಾಸರಗೋಡಿನ ಬೇಕಲದಲ್ಲಿ ಇಂಗ್ಲೆಂಡಿನ ಲಾಕಿಯರ್ ಕಾದು ಕುಳಿತಿದ್ದ. ಇದಾದ ತಿಂಗಳಿಗೆ, ೧೮೭೨ರ ಜನವರಿಯಲ್ಲಿ, ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ ಆಚಾರ್ಯರನ್ನು ಸದಸ್ಯರನ್ನಾಗಿ ಆರಿಸಿತು. ಈ ಮಾನ ಪಡೆದ ಮೊದಲ ಭಾರತೀಯರೆಂದು ಅವರನ್ನು ನೆನೆಯುತ್ತಾರೆ.

ಇಲ್ಲಿಗೆ ಒಬ್ಬ ಯಶಸ್ವಿ ನೌಕರನ ಕಥೆ ಮುಗಿಯಬಹುದಿತ್ತು. ಆದರೆ ಆಚಾರ್ಯರಿಗೆ ಮನೆಯ ಕಡೆಯ ಇನ್ನೊಂದು ಋಣ ಇತ್ತು: ಪಂಚಾಂಗದ ಋಣ.

ಪಂಚಾಂಗದ ಸಂಕಟ ಏನು ಅಂತ ಸ್ವಲ್ಪ ತಿಳಿಯೋಣ. ತಮಿಳು ಸೀಮೆಯಲ್ಲಿ ಬಹಳ ಬಳಕೆಯಲ್ಲಿದ್ದದ್ದು, ಇವತ್ತಿಗೂ ಇರುವುದು, ವಾಕ್ಯ ಪಂಚಾಂಗ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಮೋಜಿನ ವಿಷಯ. ಇಲ್ಲಿ ಅಂಕಿಗಳನ್ನು ಅಂಕಿಗಳಾಗಿ ಬರೆದಿಲ್ಲ, ಅಕ್ಷರಗಳಲ್ಲಿ ಅಡಗಿಸಿ ವಾಕ್ಯ ಮಾಡಿದ್ದಾರೆ. ಕ ಅಂದರೆ ಒಂದು, ಮ ಅಂದರೆ ಐದು, ಲ ಅಂದರೆ ಮೂರು. ಬಲದಿಂದ ಎಡಕ್ಕೆ ಓದಬೇಕು. ಹೀಗಾಗಿ ಕಮಲ ಅಂದರೆ ಹೂವೂ ಹೌದು, ಮುನ್ನೂರ ಐವತ್ತೊಂದೂ ಹೌದು! ಚಂದ್ರನ ಚಲನೆಗೆ ಇಂಥ ೨೪೮ ವಾಕ್ಯಗಳಿವೆ, ದಿನಕ್ಕೊಂದು. ಬಾಯಿಪಾಠ ಮಾಡಿದವನಿಗೆ ಕಾಗದ ಬೇಡ, ಉಪಕರಣ ಬೇಡ, ಆಕಾಶ ನೋಡುವ ಅಗತ್ಯವೂ ಇಲ್ಲ. ಬುದ್ಧಿವಂತಿಕೆಗೆ ಕೈಮುಗಿಯಬೇಕು. ಆದರೆ ಅದರ ದೌರ್ಬಲ್ಯವೂ ಅಲ್ಲೇ ಇದೆ. ಆಕಾಶ ನೋಡುವ ಅಗತ್ಯ ಇಲ್ಲ ಅಂದ ಮೇಲೆ ಯಾರೂ ನೋಡುವುದಿಲ್ಲ.

ನೋಡದಿದ್ದರೆ ಏನಾಗುತ್ತದೆ? ಸೂರ್ಯಸಿದ್ಧಾಂತದ ವರ್ಷಮಾನವನ್ನೇ ತೆಗೆದುಕೊಳ್ಳಿ. ಸೂರ್ಯ ಒಂದು ನಕ್ಷತ್ರದಿಂದ ಹೊರಟು ಅದೇ ನಕ್ಷತ್ರಕ್ಕೆ ಮರಳುವ ನಿಜವಾದ ಕಾಲಕ್ಕಿಂತ ಅದು ಸುಮಾರು ಮೂರೂವರೆ ನಿಮಿಷ ಹೆಚ್ಚು. ಸಾವಿರದಿನ್ನೂರು ವರ್ಷದ ಹಿಂದೆ ಇಷ್ಟು ಹತ್ತಿರಕ್ಕೆ ಬಂದದ್ದು ಸಣ್ಣ ಸಾಧನೆಯಲ್ಲ. ಆದರೆ ಮೂರೂವರೆ ನಿಮಿಷ ಕೂಡುತ್ತಾ ಹೋದರೆ ಸಾವಿರ ವರ್ಷಕ್ಕೆ ಎರಡು ದಿನ ದಾಟುತ್ತದೆ. ಚಂದ್ರನ ಓಟದ ಏರುಪೇರುಗಳನ್ನೆಲ್ಲ ಹಳೆಯ ಕೋಷ್ಟಕಗಳು ಹಿಡಿಯಲಾರದೆ ತಿಥಿ ಮುಗಿಯುವ ವೇಳೆ ಕೆಲವೊಮ್ಮೆ ಗಂಟೆಗಟ್ಟಲೆ ಆಚೀಚೆಯಾಗುತ್ತದೆ. ನಮಗೆ ನಿಮಗೆ ಇದು ಅಂಕಿಯ ಜಗಳ ಅನ್ನಿಸಬಹುದು. ಏಕಾದಶಿ ಉಪವಾಸ ಮಾಡುವವನಿಗೆ, ತಂದೆಯ ಶ್ರಾದ್ಧದ ತಿಥಿ ಹಿಡಿಯುವವನಿಗೆ ಅದು ಅಂಕಿಯ ಮಾತಲ್ಲ. ಇಂದೋ ನಾಳೆಯೋ ಎಂಬ ಪ್ರಶ್ನೆ ಅವನಿಗೆ ಧರ್ಮದ ಪ್ರಶ್ನೆ. ಬೇರೆ ಬೇರೆ ಪಂಚಾಂಗ ಇಟ್ಟುಕೊಂಡ ಅಣ್ಣತಮ್ಮಂದಿರು ಬೇರೆ ಬೇರೆ ದಿನ ಎಡೆ ಇಟ್ಟರೆ ಮನೆಯೇ ಎರಡಾದಂತೆ.

ರಾತ್ರಿಯೆಲ್ಲ ಆಕಾಶವನ್ನು ಅಳೆದು ಬೆಳಿಗ್ಗೆ ಮನೆಗೆ ಬಂದು ಅದಕ್ಕೆ ಒಪ್ಪದ ಪಂಚಾಂಗವನ್ನು ಬಿಡಿಸುವುದು ಎಂದರೆ ಎಂಥ ಇಕ್ಕಟ್ಟು! ಎರಡು ದಾರಿ ಸುಲಭವಾಗಿದ್ದವು. ಕಚೇರಿಯ ವಿದ್ಯೆ ಕಚೇರಿಗೆ, ಮನೆಯ ವಿದ್ಯೆ ಮನೆಗೆ ಅಂತ ಸುಮ್ಮನಿರಬಹುದಿತ್ತು; ಎಷ್ಟೋ ಜನ ಹಾಗೇ ಇದ್ದರು, ಈಗಲೂ ಇದ್ದೇವೆ. ಇಲ್ಲವೇ ಪಂಚಾಂಗವೆಲ್ಲ ಬುರುಡೆ ಅಂತ ಎಸೆದು ಸುಧಾರಕ ಅನ್ನಿಸಿಕೊಳ್ಳಬಹುದಿತ್ತು. ಆಚಾರ್ಯರು ಎರಡನ್ನೂ ಬಿಟ್ಟರು. ೧೮೬೯ರಿಂದ ದೃಗ್ಗಣಿತ ಪಂಚಾಂಗ ಹೊರತರಲು ಆರಂಭಿಸಿದರು. ದೃಕ್ ಅಂದರೆ ಕಣ್ಣು. ಕಣ್ಣಿಗೆ ಕಂಡದ್ದಕ್ಕೆ ಒಪ್ಪುವ ಗಣಿತವೇ ದೃಗ್ಗಣಿತ. ವ್ರತ, ಪರ್ವ, ತಿಥಿ ಎಲ್ಲ ಹಾಗೇ ಉಳಿದವು. ಅವುಗಳ ಕೆಳಗಿನ ಸೂರ್ಯಚಂದ್ರರ ಲೆಕ್ಕವನ್ನು ಮಾತ್ರ ಹೊಸ ವೀಕ್ಷಣೆಗಳಿಂದ ಬಂದ ಕೋಷ್ಟಕಗಳ ಮೇಲೆ ನಿಲ್ಲಿಸಿದರು.

ಇದು ಪರಂಗಿ ವಿದ್ಯೆಯ ಮೋಹ ಅಂತ ಅಂದುಕೊಳ್ಳುವುದು ಸುಲಭ. ಚರಿತ್ರೆ ನೋಡಿದರೆ ಹಾಗಲ್ಲ. ದೃಗ್ಗಣಿತ ಎಂಬ ಹೆಸರಿನ ಪದ್ಧತಿಯನ್ನು ಕೇರಳದ ಪರಮೇಶ್ವರನು ೧೪೩೧ರಲ್ಲೇ ರೂಪಿಸಿದ್ದ. ಹತ್ತಾರು ವರ್ಷ ಗ್ರಹಣಗಳನ್ನು ತಾನೇ ನೋಡಿ, ಲೆಕ್ಕ ತಪ್ಪಿದ ಕಡೆ ಲೆಕ್ಕವನ್ನು ತಿದ್ದಿದವನು ಅವನು. ನೋಡಿ ತಿದ್ದುವುದೇ ನಮ್ಮ ಸಂಪ್ರದಾಯ. ನೋಡದೆ ಒಪ್ಪಿಸುವುದು ಆ ಮೇಲೆ ಬಂದ ಸೋಮಾರಿತನ. ರಘುನಾಥಾಚಾರ್ಯರು ಹಳೆಯ ದಾರಿಗೇ ಹೊಸ ದುರ್ಬೀನು ಹಿಡಿದು ಬಂದವರು.

ಈಗ ಕನ್ನಡದ ಮಾತಿಗೆ ಬರೋಣ. ೧೮೭೪ರ ಡಿಸೆಂಬರ್ ೯ರ ಬೆಳಿಗ್ಗೆ ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಒಂದು ಕಪ್ಪು ಚುಕ್ಕೆಯಾಗಿ ಹಾದುಹೋಗುವುದಿತ್ತು. ಹಿಂದೆ ೧೭೬೯ರಲ್ಲಿ ಆದದ್ದು, ನೂರೈದು ವರ್ಷದ ಮೇಲೆ ಮತ್ತೆ ಬರುತ್ತಿತ್ತು. ಭೂಮಿಯ ಬೇರೆ ಬೇರೆ ಕಡೆಯಿಂದ ಇದನ್ನು ನೋಡಿ ವೇಳೆ ಹಿಡಿದರೆ ಸೂರ್ಯ ಎಷ್ಟು ದೂರದಲ್ಲಿದ್ದಾನೆ ಅಂತ ಲೆಕ್ಕ ಸಿಗುತ್ತದೆ. ಈಗ ನಾವು ಹದಿನೈದು ಕೋಟಿ ಕಿಲೋಮೀಟರ್ ಅಂತ ಸಲೀಸಾಗಿ ಹೇಳುವ ಅಂಕಿ ಆಗ ಇನ್ನೂ ಗಟ್ಟಿಯಾಗಿರಲಿಲ್ಲ. ಹಾಗಾಗಿ ದೇಶದೇಶಗಳು ಹಡಗು ಹತ್ತಿಸಿ ಪಂಡಿತರನ್ನು ಕಳಿಸಿದವು. ನಮ್ಮ ಸಾಮಾನ್ಯ ಪಂಚಾಂಗದಲ್ಲಿ ಶುಕ್ರ ಸೂರ್ಯನ ಹತ್ತಿರ ಹೋದರೆ ಮೌಢ್ಯ ಅಂತ ಬರೆದು ಮದುವೆ ನಿಲ್ಲಿಸುತ್ತಾರೆ, ಅಷ್ಟೇ. ಅವನು ಸೂರ್ಯನ ಎದೆಯ ಮೇಲೆ ನಡೆಯುವುದನ್ನು ಯಾರು ತೋರಿಸಬೇಕು?

ಆಚಾರ್ಯರು ತೋರಿಸಿದರು. ಶುಕ್ರ ಸಂಕ್ರಮಣವನ್ನು ಜನರಿಗೆ ವಿವರಿಸುವ ಪುಸ್ತಿಕೆ ಬರೆದು ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ದೇಶಭಾಷೆಗಳಲ್ಲೂ ಅದು ಬರುವಂತೆ ನೋಡಿಕೊಂಡರು. ಉರ್ದುವಿನಲ್ಲಿ ಬಂತು, ನಮ್ಮ ಕನ್ನಡದಲ್ಲೂ ಬಂತು. ೧೮೭೪ ಅಂದರೆ ಕಿಟ್ಟೆಲ್ಲರ ನಿಘಂಟು ಅಚ್ಚಾಗಲು ಇನ್ನೂ ಇಪ್ಪತ್ತು ವರ್ಷ ಬಾಕಿ. ಅಂಥ ಕಾಲದಲ್ಲಿ ಮದರಾಸಿನಲ್ಲಿ ಕೂತವರೊಬ್ಬರು ಕನ್ನಡದವರೂ ಇದನ್ನು ತಿಳಿಯಬೇಕು ಅಂತ ಬಯಸಿದರಲ್ಲ! ಕನ್ನಡದಲ್ಲಿ ವಿಜ್ಞಾನ ಹೇಳಲು ಬರುವುದಿಲ್ಲ ಅಂತ ಈಗಲೂ ಮೂಗು ಮುರಿಯುವವರಿಗೆ ಇದಕ್ಕಿಂತ ಹಳೆಯ ಉತ್ತರ ಬೇಕೆ?

ಅದೇ ವರ್ಷ ಆಚಾರ್ಯರು ಪಚ್ಚೈಯಪ್ಪ ಹಾಲಿನಲ್ಲಿ ಒಂದು ಸಾರ್ವಜನಿಕ ಉಪನ್ಯಾಸ ಮಾಡಿದರು. ನಮ್ಮವರೇ ನಡೆಸುವ, ನಮ್ಮ ಜನ ತರಬೇತಿ ಪಡೆಯುವ ಒಂದು ವೀಕ್ಷಣಾಲಯ ಬೇಕು ಅನ್ನುವುದು ಅವರ ಬೇಡಿಕೆ. ಹಳೆಯ ಸಿದ್ಧಾಂತದ ಭಾಷೆಯಲ್ಲೇ ಹೊಸ ಖಗೋಳವನ್ನು ಹೇಳುವ ಜ್ಯೋತಿಷ ಚಿಂತಾಮಣಿ ಎಂಬ ಗ್ರಂಥದ ಯೋಜನೆಯೂ ಅವರ ತಲೆಯಲ್ಲಿತ್ತು. ಸರಕಾರದ ದುರ್ಬೀನಿನಲ್ಲಿ ನೋಡಿ ಸರಕಾರದ ಪುಸ್ತಕದಲ್ಲಿ ಬರೆದರೆ ಸಾಲದು, ನಮ್ಮ ಅಂಗಳದಲ್ಲಿ ನಿಂತು ನಾವೇ ನೋಡಬೇಕು ಅನ್ನುವ ಛಲ ಇದರ ಹಿಂದಿತ್ತು. ವೀಕ್ಷಣಾಲಯ ಕೈಗೂಡಲಿಲ್ಲ. ಆರೋಗ್ಯ ಕೆಟ್ಟಿತು. ೧೮೮೦ರ ಫೆಬ್ರವರಿ ೫ರಂದು ಆಚಾರ್ಯರು ತೀರಿಕೊಂಡರು.

ಪಂಚಾಂಗ ಅವರ ಜೊತೆ ಸಾಯಲಿಲ್ಲ. ಅವರ ಮಗ ಅದನ್ನು ಮುಂದುವರಿಸಿದರು. ದೃಗ್ಗಣಿತದ ದಾರಿಗೆ ಬೇರೆಯವರೂ ಕೂಡಿಕೊಂಡರು. ೧೮೯೯ರಲ್ಲಿ ಖಗೋಳದ ಕೆಲಸ ಕೊಡೈಕನಾಲಿನ ಬೆಟ್ಟಕ್ಕೆ ಹೋಯಿತು. ೧೯೦೬ರ ಜನವರಿ ೧ರಿಂದ ದೇಶಕ್ಕೆಲ್ಲ ಒಂದೇ ವೇಳೆ ಬಂದು ಮದರಾಸು ವೇಳೆ ಹಿಂದೆ ಸರಿಯಿತು. ಸ್ವಾತಂತ್ರ್ಯದ ಮೇಲೆ ೧೯೫೨ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣೆಯ ಸಮಿತಿ ಕೂತಿತು; ೧೯೫೭ರ ಮಾರ್ಚ್ ೨೨ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಆಚಾರ್ಯರು ಒಬ್ಬರೇ ಹೊತ್ತ ಭಾರಕ್ಕೆ ಕೊನೆಗೆ ಸರಕಾರ ಹೆಗಲು ಕೊಟ್ಟಿತು ಅನ್ನಬಹುದು.

ಹಾಗಂತ ವಾದ ಮುಗಿದಿಲ್ಲ. ತಿರುನಳ್ಳಾರಿನ ಶನಿ ಸಂಚಾರದ ಉತ್ಸವವನ್ನು ಇವತ್ತಿಗೂ ವಾಕ್ಯ ಪಂಚಾಂಗದಂತೆ ನಡೆಸುತ್ತಾರೆ. ದೃಕ್ ಪಂಚಾಂಗದವರು ಬೇರೆ ದಿನ ಹೇಳುತ್ತಾರೆ. ನಮ್ಮ ಕಡೆಯದೂ ಒಂದು ನಿದರ್ಶನ ಕೇಳಿ. ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೋಡುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಜನ ಕಿಕ್ಕಿರಿದು ಸೇರುತ್ತಾರೆ. ಆದರೆ ನವೆಂಬರ್ ಕೊನೆಯಲ್ಲೂ ಕೆಲವು ದಿನ ಅದೇ ಕಿರಣ ಅಲ್ಲಿಗೇ ಬರುತ್ತದೆ, ಆಗ ನೋಡುವವರು ಕಡಿಮೆ. ದಕ್ಷಿಣಕ್ಕೆ ಹೋಗುವಾಗ ಒಮ್ಮೆ, ಉತ್ತರಕ್ಕೆ ಮರಳುವಾಗ ಒಮ್ಮೆ. ಸೂರ್ಯ ತಿರುಗುವುದು ಸಂಕ್ರಾಂತಿಯ ದಿನವೇ ಆಗಿದ್ದರೆ ಎರಡನೆಯ ಸಲ ಬರುವಂತಿರಲಿಲ್ಲ. ಅವನು ಡಿಸೆಂಬರ್ ೨೧-೨೨ಕ್ಕೇ ತಿರುಗಿರುತ್ತಾನೆ. ಹಬ್ಬ ಮೂರು ವಾರ ಹಿಂದೆ ಬಿದ್ದಿದೆ. ಹಬ್ಬ ಬಿಡಿ ಅಂತ ಇದರ ಅರ್ಥವಲ್ಲ. ಹಬ್ಬ ಯಾಕೆ, ಸೂರ್ಯ ಎಲ್ಲಿ, ಎರಡೂ ಗೊತ್ತಿದ್ದು ಎಳ್ಳುಬೆಲ್ಲ ಹಂಚಬೇಕು ಅಂತ ಅರ್ಥ.

ಮಿತ್ರರೆ, ಇದಕ್ಕೆಲ್ಲ ದುರ್ಬೀನು ಬೇಕಾಗಿಲ್ಲ. ಮಾಧವರಂನ ಯಾವುದೇ ಮನೆಯ ತಾರಸಿಯ ಮೇಲೆ ಒಂದು ನೆಟ್ಟಗಿನ ಕೋಲು ಸಾಕು. ವರ್ಷವೆಲ್ಲ ನೆರಳು ಗಿಡ್ಡವಾಗುವ ಕ್ಷಣವನ್ನು ಗಡಿಯಾರದ ಜೊತೆ ಬರೆದಿಡಿ. ಸರಾಸರಿ ಹನ್ನೆರಡು ಗಂಟೆ ಒಂಬತ್ತು ನಿಮಿಷದ ಸುಮಾರಿಗೆ ನಮ್ಮ ನಡುಹಗಲು. ಫೆಬ್ರವರಿಯಲ್ಲಿ ಅದು ಹನ್ನೆರಡು ಇಪ್ಪತ್ತಮೂರರವರೆಗೆ ಹಿಂದೆ ಬೀಳುತ್ತದೆ, ನವೆಂಬರ್ ಮೊದಲಲ್ಲಿ ಹನ್ನೆರಡಕ್ಕೆ ಮುಂಚೆಯೇ ಬಂದುಬಿಡುತ್ತದೆ. ಪುಸ್ತಕದಲ್ಲಿ ಓದಿದ್ದೂ ಅಜ್ಜ ಹೇಳಿದ್ದೂ ಕೋಲಿನ ನೆರಳಿಗೆ ಒಪ್ಪುತ್ತದೆಯೋ ನೋಡಿ. ಒಪ್ಪದಿದ್ದರೆ ತಿದ್ದಬೇಕಾದದ್ದು ನೆರಳನ್ನಲ್ಲ. ರಘುನಾಥಾಚಾರ್ಯರ ಬಾಳೆಲ್ಲ ಇಷ್ಟನ್ನೇ ಹೇಳಿತು. ಅವರ ಹೆಸರಿನಲ್ಲಿ ವಿಗ್ರಹವನ್ನೇ ನಿಲ್ಲಿಸಬೇಕಾಗಿಲ್ಲ. ಒಂದು ಶಂಕು ನಿಲ್ಲಿಸಿದರೆ ಅದೇ ತಕ್ಕ ಸ್ಮಾರಕ.